ಮೇಲ್ ಬಂದರೆ ಕೆಲಸ ಇದೆ ಅಂತ ಅರ್ಥ

ಮಂಡ್ಯದ ಒಬ್ಬ ಬೆಲ್ಲದ ವ್ಯಾಪಾರಿಯ ಲೆಕ್ಕವೆಲ್ಲ ಒಂದು ಫ್ರೀಬಿಎಸ್‌ಡಿ (ಯುನಿಕ್ಸ್ ಜಾತಿಯ ಆಪರೇಟಿಂಗ್ ಸಿಸ್ಟಂ) ಸರ್ವರ್‌ನಲ್ಲಿದೆ. ಅದನ್ನು ನಾನು ಮೈಸೂರಿನಿಂದ ನೋಡಿಕೊಳ್ಳುತ್ತೇನೆ. ಈ ಸಿಸ್ಟಮ್ಮಿನಲ್ಲಿ 'ಪೀರಿಯಾಡಿಕ್' ಅಂತ ಒಂದು ಏರ್ಪಾಡಿದೆ. ಅದು ದಿನದ ತಪಾಸಣೆಯನ್ನು ಬೆಳಗಿನ ಜಾವ 3:01ಕ್ಕೆ ಮಾಡುತ್ತದೆ. ವಾರದ್ದು ಶನಿವಾರ 4:15ಕ್ಕೆ, ತಿಂಗಳದ್ದು 1ನೇ ತಾರೀಕು 5:30ಕ್ಕೆ. ಮುಗಿದ ಮೇಲೆ ರೂಟ್‌ಗೆ, ಅಂದರೆ ಸಿಸ್ಟಮ್ಮಿನ ಮುಖ್ಯ ಖಾತೆಗೆ, ಮೇಲ್ ಹಾಕುತ್ತದೆ. ಎಲ್ಲ ಸರಿ ಇದ್ದರೂ ಹಾಕುತ್ತದೆ, ಅದೇ ತೊಂದರೆ. ದಿನಾ ಬರುವ ಉದ್ದುದ್ದ ಮೇಲನ್ನು ಯಾರು ತೆರೆದು ಓದುತ್ತಾರೆ? ಡಿಸ್ಕ್ ಕೆಟ್ಟ ಸುದ್ದಿಯೂ ಅದರೊಳಗೇ ಮುಚ್ಚಿಹೋಗುತ್ತದೆ.

ಮೊದಲ ಕೆಲಸ, ಮೇಲ್ ನಮ್ಮ ಕೈಗೆ ತಲುಪಬೇಕು. ಫ್ರೀಬಿಎಸ್‌ಡಿ 14.0 ಆವೃತ್ತಿಯಿಂದ ಮೇಲ್ ಕಳಿಸಲು ಸೆಂಡ್‌ಮೇಲ್ ಬದಲು ಡಿಎಂಎ ಅನ್ನೋ ಪುಟ್ಟ ಪ್ರೋಗ್ರಾಂ ಬರುತ್ತದೆ. ಅದಕ್ಕೆ ನಮ್ಮ ಮೇಲ್ ಸೇವೆಯ ವಿಳಾಸ, ಪಾಸ್‌ವರ್ಡ್ ಕೊಟ್ಟೆ. ಯಾರ ಮೇಲ್ ಯಾರಿಗೆ ಹೋಗಬೇಕು ಅಂತ ಹೇಳುವ ಏಲಿಯಾಸಸ್ ಫೈಲಿನಲ್ಲಿ ರೂಟ್‌ನ ಮುಂದೆ ನನ್ನ ವಿಳಾಸ ಬರೆದೆ. ಅಷ್ಟು ಸಾಕಾಯಿತು.

ಆಮೇಲೆ ಅಸಲಿ ವಿಷಯ. ಪೀರಿಯಾಡಿಕ್ ಒಂದೊಂದು ತಪಾಸಣೆಗೂ ಒಂದೊಂದು ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಓಡಿಸುತ್ತದೆ. ಪ್ರತಿ ಸ್ಕ್ರಿಪ್ಟೂ ಮುಗಿಯುವಾಗ ಒಂದು ಅಂಕಿ ಕೊಡುತ್ತದೆ. 0 ಅಂದರೆ ವಿಶೇಷ ಏನೂ ಇಲ್ಲ. 1 ಅಂದರೆ ನೋಡಬೇಕಾದ್ದು ಇದೆ. 2 ಅಂದರೆ ಸೆಟ್ಟಿಂಗ್ ತಪ್ಪಿದೆ. ಅದಕ್ಕಿಂತ ಜಾಸ್ತಿ ಆದರೆ ದೊಡ್ಡ ದೋಷ. 'ಡೈಲಿ ಶೋ ಸಕ್ಸೆಸ್' ಅನ್ನೋದನ್ನು 'ನೋ' ಮಾಡಿದರೆ 0 ಬಂದದ್ದೆಲ್ಲ ಮೇಲ್‌ನಿಂದ ಬಿಟ್ಟುಹೋಗುತ್ತದೆ. ಇದನ್ನು ಡಿಫಾಲ್ಟ್ಸ್ ಫೋಲ್ಡರಿನ ಫೈಲಿನಲ್ಲಿ ಬರೆಯಬೇಡಿ, ಅಪ್‌ಗ್ರೇಡ್ ಆದಾಗ ಹೋಗಿಬಿಡುತ್ತದೆ. ಇಟಿಸಿ ಫೋಲ್ಡರಿನಲ್ಲಿ ನಿಮ್ಮದೇ ಪೀರಿಯಾಡಿಕ್ ಡಾಟ್ ಕಾನ್ಫ್ ಮಾಡಿಕೊಳ್ಳಿ.

ಇಷ್ಟು ಮಾಡಿದರೂ ಮೇಲ್ ದಿನಾ ಬರುತ್ತದೆ. ಯಾಕೆಂದರೆ ಕೆಲವು ಸ್ಕ್ರಿಪ್ಟುಗಳು ಎಲ್ಲ ಸರಿ ಇದ್ದರೂ 1 ಕೊಡುತ್ತವೆ. ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುವುದು, ಜಾಗ ಬೇಕಾದಷ್ಟಿದ್ದರೂ ಹಾಗೇ ಮಾಡುತ್ತದೆ. ಹಾಗಾದರೆ 1 ಬಂದದ್ದನ್ನು ತೋರಿಸುವ 'ಶೋ ಇನ್ಫೋ' ಕೂಡ 'ನೋ' ಮಾಡಿಬಿಡೋಣ ಅನ್ನಿಸುತ್ತದೆ, ಅಲ್ವಾ? ದಯವಿಟ್ಟು ಮಾಡಬೇಡಿ. ಝಡ್‌ಎಫ್‌ಎಸ್ (ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ವ್ಯವಸ್ಥೆ) ಒಂದೇ ಮಾಹಿತಿಯನ್ನು ಎರಡರಲ್ಲೂ ಇಡುವ ಜೋಡಿ ಡಿಸ್ಕಿನಲ್ಲಿ ಒಂದು ಕೈಕೊಟ್ಟಾಗ ಅದರ ಸ್ಕ್ರಿಪ್ಟ್ ಕೊಡುವುದೂ ಇದೇ 1. ನಮಗೆ ತಿಳಿಯಲೇಬೇಕಾದ ಸುದ್ದಿಯೇ ಮಾಯವಾಗುತ್ತದೆ. ನಾನು ಸುಮ್ಮಸುಮ್ಮನೆ 1 ಕೊಡುವ ಅಂಥ ಸ್ಕ್ರಿಪ್ಟುಗಳನ್ನು ಮಾತ್ರ ನಿಲ್ಲಿಸಿ, ಡಿಸ್ಕಿನದರ ಜಾಗಕ್ಕೆ ನನ್ನದೊಂದು ಬರೆದೆ. ಶೇ. 85 ದಾಟದಿದ್ದರೆ ಅದು ಸುಮ್ನೆ 0 ಕೊಡುತ್ತದೆ, ದಾಟಿದರೆ 1. ಝಡ್‌ಎಫ್‌ಎಸ್ ತಪಾಸಣೆ ತಾನಾಗಿ ಆನ್ ಇರುವುದಿಲ್ಲ, ಅದನ್ನು 'ಯೆಸ್' ಮಾಡಿದೆ.

ಮೇಲ್‌ನ ವಿಷಯದ ಸಾಲು ಯಾವತ್ತೂ ಮಷೀನಿನ ಹೆಸರಿನ ಜೊತೆ 'ಡೈಲಿ ರನ್ ಔಟ್‌ಪುಟ್' ಅಂತಲೇ ಇರುತ್ತದೆ. ಅದನ್ನು ಬದಲಾಯಿಸಲು 'ಡೈಲಿ ಔಟ್‌ಪುಟ್' ಖಾಲಿ ಬಿಟ್ಟು, ಬಂದದ್ದನ್ನು ಕ್ರಾನ್‌ಟ್ಯಾಬಿನಲ್ಲೇ (ಯಾವ ಹೊತ್ತಿಗೆ ಏನು ಓಡಬೇಕು ಅನ್ನೋ ಪಟ್ಟಿ; ಅದನ್ನು ನೋಡಿ ಓಡಿಸುವುದು ಕ್ರಾನ್) ಮೇಲ್ ಕಳಿಸುವ ನನ್ನ ಇನ್ನೊಂದು ಸ್ಕ್ರಿಪ್ಟಿಗೆ ಪೈಪ್ ಮಾಡಿದೆ, ಅಂದರೆ ನೇರ ಅದಕ್ಕೇ ಕೊಟ್ಟೆ. ಏನೂ ಬರದಿದ್ದರೆ ಅದು ಮೇಲ್ ಕಳಿಸುವುದಿಲ್ಲ. ಬಂದರೆ ಅಂಗಡಿಯ ಗುಮಾಸ್ತರಿಗೂ ಒಂದು ಪ್ರತಿ, ಕನ್ನಡದಲ್ಲಿ: 'ಡಿಸ್ಕ್ ತುಂಬುತ್ತಿದೆ, ಮೈಸೂರಿಗೆ ಫೋನ್ ಮಾಡಿ'. ಕನ್ನಡ ಅಕ್ಷರ ಕೆಡದೆ ಹೋಗಬೇಕಾದರೆ ಒಳಗಿನ ಬರಹ ಯುಟಿಎಫ್-8 (ಕನ್ನಡವನ್ನೂ ಬರೆಯಬಲ್ಲ ಅಕ್ಷರ ಸಂಕೇತ) ಅಂತ ಮೇಲ್‌ನ ಹೆಡರಿನಲ್ಲಿ ಹೇಳಬೇಕು. ವಿಷಯದ ಸಾಲನ್ನು ಬೇಸ್64 ಮಾಡಿ, ಅಂದರೆ ಸಾದಾ ಇಂಗ್ಲಿಷ್ ಅಕ್ಷರ-ಅಂಕಿಗಳಿಗೆ ಬದಲಿಸಿ, ಕಳಿಸಬೇಕು. ಸ್ವಲ್ಪ ಒದ್ದಾಟ, ಆದರೆ ಆ ಒಂದು ಸಾಲು ಓದಿದ ತಕ್ಷಣ ಗುಮಾಸ್ತರು, 'ಸಾರ್, ಅದೇನೋ ತುಂಬ್ತಾ ಇದೆಯಂತೆ, ಸ್ವಲ್ಪ ನೋಡಿ' ಅಂತ ಫೋನ್ ಮಾಡುತ್ತಾರೆ. ನನಗೆ ಬೇಕಾದ್ದೂ ಅದೇ.

ರಾತ್ರಿ ಕರೆಂಟ್ ಹೋಗಿ ಯುಪಿಎಸ್ ಖಾಲಿಯಾದರೆ 3:01ರ ಓಟ ತಪ್ಪಿಹೋಗುತ್ತದೆ. ತಪ್ಪಿದ್ದನ್ನು ಕ್ರಾನ್ ಮತ್ತೆ ಓಡಿಸುವುದಿಲ್ಲ. ಅದಕ್ಕೆ ಎಲ್ಲವನ್ನೂ ಅಂಗಡಿ ತೆರೆದ ಮೇಲೆ, ಬೆಳಗ್ಗೆ 11ರ ಆಸುಪಾಸಿಗೆ ಹಾಕಿದೆ.

ಇನ್ನು, ಮೇಲ್ ಬಂದಿಲ್ಲ ಅಂದರೆ ಎಲ್ಲ ಸರಿ ಇದೆ ಅಂತಲೋ, ಮಷೀನೇ ಸತ್ತಿದೆ ಅಂತಲೋ? ಅದಕ್ಕೇ ವಾರದ ವರದಿಯಲ್ಲಿ ವೇಳೆ ಬಿಟ್ಟು ಬೇರೇನೂ ಮುಟ್ಟಿಲ್ಲ. ಶನಿವಾರದ ಮೇಲ್ ಅದರ ಹಾಜರಿ. ಅದು ಬರದಿದ್ದರೆ ಸೋಮವಾರದವರೆಗೆ ಕಾಯುವುದಿಲ್ಲ, ಅವತ್ತೇ ಮಂಡ್ಯಕ್ಕೆ ಫೋನ್ ಮಾಡುತ್ತೇನೆ.