ಹುಬ್ಬಳ್ಳಿ ಬಿಸಿಲಿಗೆ ಕಾರ್ನ್ ಸ್ನೇಕ್ ಮೊಟ್ಟೆ: ಜೋಡಿ ಕೂಡಿಸುವುದರಿಂದ ಮರಿಯ ಮೊದಲ ತುತ್ತಿನವರೆಗೆ

ಕಾರ್ನ್ ಸ್ನೇಕ್ ಎಂಬ ಸಾಕುಹಾವಿನ ಮರಿ ಮಾಡಿಸುವ ಬಗ್ಗೆ ಸಿಗುವ ಮಾಹಿತಿಯೆಲ್ಲ ಹೆಚ್ಚುಕಡಿಮೆ ಚಳಿ ದೇಶದವರದ್ದು. ಮೊಟ್ಟೆಗೆ ಕಾವು ಕೊಡುವುದು ಹೇಗೆ ಎಂಬುದೇ ಅವರ ಚಿಂತೆ. ಹುಬ್ಬಳ್ಳಿ-ಧಾರವಾಡದಲ್ಲಿ ಚಿಂತೆ ಉಲ್ಟಾ. ಅವರ ಲೆಕ್ಕ ಹಿಡಿದು ಮಾರ್ಚ್ ಮೊದಲ ವಾರ ಜೋಡಿ ಕೂಡಿಸಿದರೆ ಏಪ್ರಿಲ್ ಕೊನೆಗೆ ಮೊಟ್ಟೆ ಬರುತ್ತವೆ. ಆಗ ಹೊರಗೆ 37 ಡಿಗ್ರಿ, ಆರ್‌ಸಿಸಿ ಮನೆಯ ಮೇಲಿನ ಕೋಣೆ ರಾತ್ರಿಯೂ ಆರುವುದಿಲ್ಲ. ಮೊಟ್ಟೆಗೆ ಬೇಕಾದದ್ದು 26ರಿಂದ 28 ಡಿಗ್ರಿ. 32 ದಾಟಿ ನಿಂತರೆ ಮರಿ ಬೆನ್ನು ಸೊಟ್ಟಗಾಗಿ ಹುಟ್ಟುತ್ತದೆ, ಇಲ್ಲವೇ ಮೊಟ್ಟೆಯೊಳಗೇ ಸಾಯುತ್ತದೆ. ಆದ್ದರಿಂದ ಇಲ್ಲಿ ಮಾಡಬೇಕಾದ ಮೊದಲ ಕೆಲಸ ಲೆಕ್ಕವನ್ನು ಒಂದೂವರೆ ತಿಂಗಳು ಮುಂದಕ್ಕೆ ತಳ್ಳುವುದು. ಏಪ್ರಿಲ್ ನಡುವೆ ಜೋಡಿ, ಜೂನ್ ಮೊದಲ ಅಥವಾ ಎರಡನೇ ವಾರ ಮೊಟ್ಟೆ, ಪಂಚಮಿಯ ಆಸುಪಾಸು ಮರಿ. ಮಳೆಗಾಲದ ಧಾರವಾಡದ ಗಾಳಿಯೇ ಅರ್ಧ ಕೆಲಸ ಮಾಡಿಕೊಡುತ್ತದೆ.

ಕಾನೂನಿನ ಮಾತೂ ಒಂದಿಷ್ಟು. ನಮ್ಮ ನೆಲದ ಹಾವನ್ನು, ಕೆರೆಹಾವಾಗಲಿ ಮಣ್ಣುಮುಕ್ಕವಾಗಲಿ, ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ ವಿಷವಿಲ್ಲದ ಹಾವು. 2022ರ ತಿದ್ದುಪಡಿ ನೋಂದಣಿ ಕೇಳುವುದು ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳಿಗೆ; ಕಾರ್ನ್ ಸ್ನೇಕ್ ಆ ಪಟ್ಟಿಯಲ್ಲಿಲ್ಲ. ಹಾಗಂತ ರಸೀದಿ ಇಲ್ಲದ ಹಾವು ಕೊಳ್ಳಬೇಡಿ. ಜೋಡಿ ಕೂಡಿಸುವ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಸದ್ಯದ ನಿಯಮ ಕೇಳಿಕೊಂಡು ಬನ್ನಿ. ಒಂದು ಹೆಣ್ಣು ಒಮ್ಮೆಗೆ 12ರಿಂದ 20 ಮೊಟ್ಟೆ ಇಡುತ್ತದೆ, ಒಂದೊಂದು ಮರಿ 15–20 ವರ್ಷ ಬದುಕುತ್ತದೆ. ಅಷ್ಟನ್ನೂ ಯಾರು ಸಾಕುತ್ತಾರೆ ಎಂಬುದಕ್ಕೆ ಉತ್ತರ ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಜೋಡಿ, ಚಳಿ, ಕೂಟ

ಹೆಣ್ಣಿಗೆ ಮೂರು ಮೂರರ ಲೆಕ್ಕ: 3 ವರ್ಷ, 3 ಅಡಿ, 300 ಗ್ರಾಂ. ಮೂರರಲ್ಲಿ ಒಂದು ಕಡಿಮೆ ಇದ್ದರೂ ಇನ್ನೊಂದು ವರ್ಷ ಕಾಯಿರಿ. ಸಣ್ಣ ಹೆಣ್ಣಿಗೆ ಮೊಟ್ಟೆ ಒಳಗೇ ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯ, ಅದು ಜೀವಕ್ಕೇ ಬರುತ್ತದೆ. ಗಂಡಿಗೆ ಎರಡು ವರ್ಷ ತುಂಬಿದ್ದರೆ ಸಾಕು. ಗಂಡೋ ಹೆಣ್ಣೋ ಎಂಬುದು ಬಾಲದಲ್ಲಿ ಗೊತ್ತಾಗುತ್ತದೆ. ಗಂಡಿಗೆ ಮಲದ್ವಾರ ದಾಟಿದ ಮೇಲೂ ಬಾಲ ಒಂದಿಷ್ಟು ದೂರ ದಪ್ಪವಾಗಿಯೇ ಹೋಗಿ ಆಮೇಲೆ ಸಣ್ಣಗಾಗುತ್ತದೆ, ಹೆಣ್ಣಿನದು ಅಲ್ಲಿಂದಲೇ ಚೂಪಾಗುತ್ತದೆ. ಸಲಾಕೆ ಹಾಕಿ ನೋಡುವ ಪದ್ಧತಿ ಉಂಟು, ಕೈ ಪಳಗದವರು ಅದಕ್ಕೆ ಹೋಗಬಾರದು.

ಡಿಸೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ ಎಂಟು ವಾರ ಚಳಿಗೆ ಬಿಡಬೇಕು. ಚಳಿ ದೇಶದಲ್ಲಿ 10–13 ಡಿಗ್ರಿಗೆ ಇಳಿಸುತ್ತಾರೆ. ಧಾರವಾಡದ ಮನೆಯೊಳಗೆ ಅದು ಆಗದ ಮಾತು, ಆಗಬೇಕಾಗಿಯೂ ಇಲ್ಲ. ನೆಲಮಾಳಿಗೆಯ ಅಥವಾ ಉತ್ತರದ ಕಡೆಯ ಕೋಣೆಯಲ್ಲಿ 17–20 ಡಿಗ್ರಿ ಸಿಕ್ಕು, ಕತ್ತಲೆ ಇದ್ದರೆ ಹೆಚ್ಚಿನ ಜೋಡಿಗಳಿಗೆ ಅಷ್ಟು ಸಾಕು. ತಪ್ಪಬಾರದ್ದು ಒಂದೇ. ಚಳಿಗೆ ಬಿಡುವ 14 ದಿನ ಮೊದಲೇ ಊಟ ನಿಲ್ಲಿಸಿ, ಆ 14 ದಿನವೂ ಹೀಟ್ ಮ್ಯಾಟ್ (ಕರೆಂಟಿನಿಂದ ಬೆಚ್ಚಗಾಗುವ ಹಾಸು) ಉರಿಯುತ್ತಿರಲಿ. ಹೊಟ್ಟೆಯಲ್ಲಿ ಇಲಿ ಇದ್ದಂತೆಯೇ ಮೈ ತಣ್ಣಗಾದರೆ ಅದು ಕರಗುವುದಿಲ್ಲ, ಒಳಗೇ ಕೊಳೆಯುತ್ತದೆ. ನೀರು ಮಾತ್ರ ಎಂಟೂ ವಾರ ಇರಬೇಕು.

ಫೆಬ್ರವರಿ ನಡುವೆ ಮತ್ತೆ ಬೆಚ್ಚಗೆ ಮಾಡಿ. ಒಂದು ವಾರ ಬಿಟ್ಟು ಮಾಮೂಲಿಗಿಂತ ಸಣ್ಣ ಇಲಿಯಿಂದ ಶುರು ಮಾಡಿ. ಮಾರ್ಚ್ ನಡುವಿನವರೆಗೆ ಹತ್ತು ದಿನಕ್ಕೊಂದು, ಆಮೇಲೆ ಹೆಣ್ಣಿಗೆ ಆರು ದಿನಕ್ಕೊಂದು. ಲೆಕ್ಕ ಮುಂದಕ್ಕೆ ತಳ್ಳಿದ್ದರಿಂದ ಇಲ್ಲಿ ಒಂದು ಎಚ್ಚರ ಬೇಕು. ಹೆಣ್ಣನ್ನು ಬೆರಳ ಮೇಲೆ ಹರಿಯಲು ಬಿಟ್ಟಾಗ ಹಿಂಭಾಗದ ಹೊಟ್ಟೆಯಲ್ಲಿ ಸಣ್ಣ ಗೋಲಿಗಳ ಸಾಲು ತಾಗತೊಡಗಿದರೆ ಏಪ್ರಿಲ್‌ಗಾಗಿ ಕಾಯಬೇಡಿ, ಆಗಲೇ ಕೂಡಿಸಿ. ತಡೆದು ಹಿಡಿದರೆ ಬರುವುದು ಬರೀ ಬಂಜೆ ಮೊಟ್ಟೆ. ಇನ್ನು ಗಂಡಿನ ಪೆಟ್ಟಿಗೆಗೆ ಏಪ್ರಿಲ್‌ನಲ್ಲಿ ಹೀಟ್ ಮ್ಯಾಟ್ ಬೇಡವೇ ಬೇಡ. ದಿನಗಟ್ಟಲೆ ಬಿಸಿಯಲ್ಲಿ ಕುಳಿತ ಗಂಡಿನ ವೀರ್ಯ ಕೆಟ್ಟು, ಕೂಟ ನಡೆದೂ ಮೊಟ್ಟೆ ಫಲಿಸುವುದಿಲ್ಲ.

ಹೆಣ್ಣು ಪೊರೆ ಬಿಟ್ಟ ಎರಡು ಮೂರು ದಿನಕ್ಕೆ ಗಂಡಿನ ಪೆಟ್ಟಿಗೆಯಲ್ಲಿ ಬಿಡಿ. ಎರಡಕ್ಕೂ ಊಟವಾಗಿ ಎರಡು ದಿನ ಕಳೆದಿರಬೇಕು, ಪೆಟ್ಟಿಗೆಯಲ್ಲಿ ಇಲಿಯ ವಾಸನೆ ಇರಬಾರದು. ಗಂಡು ಗಲ್ಲವನ್ನು ಅವಳ ಬೆನ್ನಗುಂಟ ಉಜ್ಜುತ್ತ, ಮೈ ಝಟಕಾ ಹೊಡೆದಂತೆ ಅದುರಿಸುತ್ತ ಹೋಗುತ್ತದೆ. ಬಾಲಕ್ಕೆ ಬಾಲ ಸುತ್ತಿ 10ರಿಂದ 30 ನಿಮಿಷ ಹಾಗೇ ಇರುತ್ತವೆ. ಆ ಹೊತ್ತಿನಲ್ಲಿ ಎತ್ತಬೇಡಿ, ಎಳೆದರೆ ಗಂಡಿನ ಅಂಗ ಹರಿಯುತ್ತದೆ. ಮೂರು ದಿನಕ್ಕೊಮ್ಮೆಯಂತೆ ನಾಲ್ಕೈದು ಸಲ ಕೂಡಿಸಿದರೆ ಸಾಕು.

ಮೊಟ್ಟೆ

ಐದಾರು ವಾರಕ್ಕೆ ಹೆಣ್ಣು ಇನ್ನೊಮ್ಮೆ ಪೊರೆ ಬಿಡುತ್ತದೆ. ಆ ತಾರೀಖು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅಲ್ಲಿಂದ 7ರಿಂದ 14 ದಿನದೊಳಗೆ ಮೊಟ್ಟೆ. ಅಷ್ಟರಲ್ಲಿ 5 ಲೀಟರಿನ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಎರಡು ಇಂಚಿನ ತೂತು ಕೊರೆದು, ಅಂಚನ್ನು ಉಜ್ಜಿ ನುಣುಪು ಮಾಡಿ, ಒಳಗೆ ಮೂರು ಇಂಚು ತೇವದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿಡಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಈ ಡಬ್ಬಿ ಇಡದಿದ್ದರೆ ಹೆಣ್ಣು ನೀರಿನ ಬಟ್ಟಲಲ್ಲೇ ಮೊಟ್ಟೆ ಇಟ್ಟುಬಿಡುತ್ತದೆ, ಬೆಳಗ್ಗೆ ನೋಡುವಷ್ಟರಲ್ಲಿ ಎಲ್ಲ ಮುಳುಗಿ ಸತ್ತಿರುತ್ತವೆ.

ಒಂದಾದ ಮೇಲೊಂದರಂತೆ ಒಂದು ರಾತ್ರಿಯಲ್ಲಿ ಇಟ್ಟು ಮುಗಿಸುತ್ತದೆ. ಮೊಟ್ಟೆ ಇಟ್ಟು ಎರಡು ದಿನವಾದರೂ ಹೊಟ್ಟೆಯಲ್ಲಿ ಇನ್ನೂ ಗಡ್ಡೆ ಉಳಿದಿದ್ದರೆ ಒತ್ತಿ ತಳ್ಳುವ ಸಾಹಸ ಬೇಡ, ಪಶುವೈದ್ಯರ ಹತ್ತಿರ ಒಯ್ಯಿರಿ. ಹತ್ತಿರದಲ್ಲಿ ಗದಗಿನಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಹಾವು ನೋಡುವ ವೈದ್ಯರು ಯಾರಿದ್ದಾರೆ ಎಂದು ಮೊಟ್ಟೆ ಬರುವ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಒಳ್ಳೆ ಮೊಟ್ಟೆ ಬಿಳಿ, ಉಬ್ಬಿದ್ದು, ಮುಟ್ಟಿದರೆ ಮೆತ್ತನೆಯ ತೊಗಲಿನ ಹಾಗೆ. ಬಂಜೆ ಮೊಟ್ಟೆ ಸಣ್ಣದು, ಹಳದಿ, ಮೇಣದ ಹಾಗೆ ಗಟ್ಟಿ. ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚ್ ಹಿಡಿದರೆ ಒಳ್ಳೆಯದರಲ್ಲಿ ಗುಲಾಬಿ ಬೆಳಕು, ಕೆಂಪು ನರಗಳ ಜಾಲ ಕಾಣುತ್ತದೆ. ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಬಿಡಿಸಬೇಡಿ, ಗೊಂಚಲಾಗಿಯೇ ಎತ್ತಿ.

ಜವಾರಿ ಕೋಳಿ ಕಾವಿಗೆ ಕೂಡಿಸಿ ರೂಢಿ ಇದ್ದವರು ಇಲ್ಲೇ ಎಡವುವುದು. ಕೋಳಿ ಮೊಟ್ಟೆಯನ್ನು ದಿನಾ ತಿರುಗಿಸಬೇಕು, ಹಾವಿನ ಮೊಟ್ಟೆಯನ್ನು ತಿರುಗಿಸಲೇಬಾರದು. ಒಂದೆರಡು ದಿನದಲ್ಲಿ ಒಳಗಿನ ಭ್ರೂಣ ಮೇಲಿನ ಸಿಪ್ಪೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮಗುಚಿದರೆ ಭಂಡಾರದ, ಅಂದರೆ ಮೊಟ್ಟೆಯ ಹಳದಿ ಭಾಗದ, ಭಾರಕ್ಕೆ ಸಿಕ್ಕಿ ಸಾಯುತ್ತದೆ. ಎತ್ತುವ ಮೊದಲೇ ಪ್ರತಿ ಮೊಟ್ಟೆಯ ನೆತ್ತಿಗೆ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಡಿ. ಕೊನೆಯವರೆಗೂ ಚುಕ್ಕೆ ಮೇಲೇ ಇರಬೇಕು.

ಹಾಸಿಗೆಗೆ ವರ್ಮಿಕ್ಯುಲೈಟ್, ನೀರು ಹಿಡಿದಿಡುವ ಹಗುರ ಖನಿಜದ ಚೂರು, ಗಿಡದ ನರ್ಸರಿಗಳಲ್ಲಿ ಸಿಗುತ್ತದೆ. ಅಡುಗೆಮನೆ ತಕ್ಕಡಿಯಲ್ಲಿ ತೂಗಿಯೇ ಹಾಕಿ: 200 ಗ್ರಾಂ ವರ್ಮಿಕ್ಯುಲೈಟಿಗೆ 180 ಗ್ರಾಂ ನೀರು. ಕಣ್ಣಳತೆಯಲ್ಲಿ ಹಾಕಿದವರೆಲ್ಲ ನೀರು ಜಾಸ್ತಿ ಹಾಕುತ್ತಾರೆ. ಮೊಟ್ಟೆಯ ಅರ್ಧ ಹೂತಿರಲಿ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಬದಿಯಲ್ಲಿ ಎರಡು ಸಣ್ಣ ತೂತು, ಅದರ ಮೇಲೆ ತೆಳುಬಟ್ಟೆ ಅಂಟಿಸಿ. ಬಟ್ಟೆ ಯಾಕೆಂದರೆ ಸತ್ತ ಒಂದು ಮೊಟ್ಟೆಯ ವಾಸನೆಗೆ ಸಣ್ಣ ನೊಣಗಳು ಬಂದು ತತ್ತಿ ಇಟ್ಟು, ಹುಳು ಪಕ್ಕದ ಒಳ್ಳೆ ಮೊಟ್ಟೆಗೂ ಹೋಗುತ್ತದೆ. ಡಬ್ಬಿ ಇಟ್ಟ ಮೇಜಿನ ಕಾಲಿಗೆ ನೀರಿನ ಬಟ್ಟಲು ಇಟ್ಟರೆ ಇರುವೆಯ ಕಾಟವೂ ಇಲ್ಲ.

ಶಾಖದ ಹತೋಟಿಗೆ ಥರ್ಮಾಕೋಲ್ ಪೆಟ್ಟಿಗೆ, ಒಳಗೆ ನೀರು ತುಂಬಿದ ಎರಡು ಲೀಟರಿನ ಎರಡು ಬಾಟಲಿ, ಒಂದು ಸಣ್ಣ ಹೀಟ್ ಮ್ಯಾಟ್, ಎಸ್‌ಟಿಸಿ-1000 ಥರ್ಮೋಸ್ಟಾಟ್. ಸೆನ್ಸರಿನ ತುದಿ ಗಾಳಿಯಲ್ಲಿ ನೇತಾಡಬಾರದು, ಮೊಟ್ಟೆಗಳ ಡಬ್ಬಿಯೊಳಗೆ ಇರಬೇಕು. 27ಕ್ಕೆ ಇಡಿ. ಬಾಟಲಿ ಯಾಕೆಂದರೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸದಲ್ಲ; ನಾಲ್ಕು ಲೀಟರ್ ನೀರು ಕೆಲವು ಗಂಟೆ ಶಾಖ ಕಾಯುತ್ತದೆ. ಬಲ್ಬ್ ಉರಿಸಬೇಡಿ, ಒಣಗಿಸಿಬಿಡುತ್ತದೆ.

ಲೆಕ್ಕ ತಪ್ಪಿ ಏಪ್ರಿಲ್‌ನಲ್ಲೇ ಮೊಟ್ಟೆ ಬಂದರೆ? ಆಗ ಕುಂಬಾರರ ಸಾಮಾನು ಕೆಲಸಕ್ಕೆ ಬರುತ್ತದೆ. ದೊಡ್ಡ ಗುಡಾಣದೊಳಗೆ ಅಗಲ ಬಾಯಿಯ ಹರವಿ ಇಟ್ಟು, ನಡುವಿನ ಎರಡು ಇಂಚು ಸಂದಿಗೆ ಮರಳು ತುಂಬಿ, ಬೆಳಗ್ಗೆ ಸಂಜೆ ಮರಳಿಗೆ ನೀರು ಹಾಕಬೇಕು. ಮೊಟ್ಟೆ ಡಬ್ಬಿ ಹರವಿಯೊಳಗೆ, ಬಾಯಿಗೆ ಒದ್ದೆ ಗೋಣಿ. ಬೇಸಿಗೆಯ ಒಣಗಾಳಿಗೆ ಮರಳಿನ ನೀರು ಆರುತ್ತ ಒಳಗೆ ಹಲವು ಡಿಗ್ರಿ ಇಳಿಯುತ್ತದೆ, ಕುಡಿಯುವ ನೀರಿನ ಹರವಿಯ ಲೆಕ್ಕವೇ ಇದು. ಇಡುವುದು ಗಾಳಿಯಾಡುವ ನೆರಳಿನಲ್ಲಿ. ಮೊಟ್ಟೆ ಬರುವ ಒಂದು ವಾರ ಮೊದಲು ಖಾಲಿ ಡಬ್ಬಿ ಇಟ್ಟು, ಮಧ್ಯಾಹ್ನ ಮೂರಕ್ಕೂ ನಸುಕಿನ ಐದಕ್ಕೂ ಎಷ್ಟು ಡಿಗ್ರಿ ಎಂದು ಬರೆದು ನೋಡಿ. ಮೂರರ ಹೊತ್ತಿಗೆ 29ರ ಒಳಗಿದ್ದರೆ ನಂಬಬಹುದು. ಫ್ರಿಜ್ಜಿನ ಐಸ್ ಬಾಟಲಿ ಡಬ್ಬಿಗೆ ತಾಗಿಸಿ ಇಡಬೇಡಿ, ಒಂದು ಬದಿ 15, ಇನ್ನೊಂದು ಬದಿ 30 ಆಗುತ್ತದೆ.

ವಾರಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ಆಡಿಸಿ. ಮೊದಲ ತಿಂಗಳಲ್ಲಿ ಮೊಟ್ಟೆಗೆ ತಗ್ಗು ಬಿದ್ದರೆ ಹಾಸಿಗೆ ಒಣಗಿದೆ ಎಂದರ್ಥ. ಉಗುರುಬೆಚ್ಚಗಿನ ನೀರನ್ನು ಡಬ್ಬಿಯ ಮೂಲೆಗೆ ಎರಡು ಚಮಚ ಹಾಕಿ, ಮೊಟ್ಟೆಯ ಮೇಲಲ್ಲ. ಕೊನೆಯ ವಾರದ ತಗ್ಗು ಬೇರೆ. ಮರಿ ಬರುವ ಸೂಚನೆ ಅದು, ಆಗ ನೀರು ಹಾಕಬೇಡಿ. ಗೊಂಚಲಿನ ಒಂದು ಮೊಟ್ಟೆ ಬೂಷ್ಟು ಹಿಡಿದರೆ ಕಿತ್ತು ತೆಗೆಯಲು ಹೋಗಿ ಪಕ್ಕದ್ದನ್ನು ಹರಿಯಬೇಡಿ. ಜೀವ ಇರುವ ಮೊಟ್ಟೆ ಬೂಷ್ಟಿಗೆ ಸುಲಭಕ್ಕೆ ಬಗ್ಗುವುದಿಲ್ಲ.

ಒಡೆಯುವ ದಿನ

27ರಲ್ಲಿ ಸುಮಾರು 60 ದಿನ, ತಂಪಿದ್ದರೆ 70. ಮೊದಲು ಕಾಣುವುದು ಬ್ಲೇಡಿನಿಂದ ಗೀರಿದಂಥ ಅರ್ಧ ಇಂಚಿನ ಸೀಳು, ಅದರಂಚಿಗೆ ಒಂದು ಹನಿ ಲೋಳೆ. ಮರಿಯ ಮೂತಿಯ ತುದಿಯಲ್ಲಿ ಇದಕ್ಕೆಂದೇ ಒಂದು ಪುಟ್ಟ ಹಲ್ಲಿರುತ್ತದೆ, ಕೆಲಸ ಮುಗಿದ ಮೇಲೆ ಉದುರುತ್ತದೆ. ಗಂಟೆ ಕಳೆದ ಮೇಲೆ ಲೋಳೆಯಲ್ಲಿ ಗುಳ್ಳೆ ಏಳುತ್ತದೆ, ಒದ್ದೆ ಮೂತಿ ಹೊರಬಂದು ಅಲ್ಲೇ ನಿಲ್ಲುತ್ತದೆ. ಬಾಗಿಲು ಧಡ್ ಎಂದರೆ ಒಳಕ್ಕೆ. ಹೀಗೆ ಒಂದು ದಿನ, ಎರಡು ದಿನವೂ ಕೂರುತ್ತದೆ. ಉಳಿದ ಭಂಡಾರವನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಮೊದಲ ಸಲದವರು ತಾಳ್ಮೆ ಕಳೆದುಕೊಂಡು ಎಳೆಯುವುದು ಈಗಲೇ, ಎಳೆದರೆ ಭಂಡಾರ ಹರಿದು ರಕ್ತ ಹೋಗುತ್ತದೆ. ಹೆಚ್ಚಿನ ಮರಿಗಳು ಹೊರಬಂದು ಎರಡು ದಿನವಾದರೂ ಸೀಳೇ ಕಾಣದ ಮೊಟ್ಟೆ ಇದ್ದರೆ ಮಾತ್ರ, ಚುಕ್ಕೆಯ ಪಕ್ಕ ಸಣ್ಣ ಕತ್ತರಿಯ ತುದಿಯಿಂದ ಸಿಪ್ಪೆಯನ್ನಷ್ಟೇ ಅರ್ಧ ಇಂಚು ಸೀಳಿ ಬಿಟ್ಟುಬಿಡಿ. ಭಂಡಾರ ಹೊರಗೆ ಜೋತಿರುವ ಮರಿ ಬಂದರೆ ಕತ್ತರಿಸದೆ, ಒದ್ದೆ ಟಿಶ್ಯೂ ಹಾಸಿದ ಸಣ್ಣ ಡಬ್ಬಿಯಲ್ಲಿ ಒಂದನ್ನೇ ಇಡಿ.

ಮರಿ ಒಂದು ಗೇಣಿಗಿಂತ ತುಸು ಉದ್ದ, 6–8 ಗ್ರಾಂ. ಪ್ರತಿಯೊಂದಕ್ಕೂ ಬೇರೆ ಡಬ್ಬಿ: ಒಂದು ಲೀಟರಿನದು, ಕಾಯಿಸಿದ ಸೂಜಿಯಿಂದ ಇಪ್ಪತ್ತು ತೂತು, ಕೆಳಗೆ ಟಿಶ್ಯೂ, ಬಾಟಲಿ ಮುಚ್ಚಳದಲ್ಲಿ ನೀರು, ಅಡಗಲು ಕಾಗದದ ಸುರುಳಿ. ಪಂಚಮಿ ಅಂತ ಹಿರಿಯರು ಹಾಲಿನ ಬಟ್ಟಲು ತಂದರೆ ಹುತ್ತದ ಕಡೆಗೇ ಕಳಿಸಿ, ಮರಿಗೆ ನೀರು ಸಾಕು.

7ರಿಂದ 10 ದಿನಕ್ಕೆ ಮೊದಲ ಪೊರೆ. ಅಲ್ಲಿಯವರೆಗೆ ಊಟ ಬೇಡ. ಆಮೇಲೆ ಕೂದಲು ಬರದ ಬಿಳಿ ಇಲಿಮರಿ, ಸಾಕುವವರು ಪಿಂಕಿ ಅನ್ನುವುದು, ಆರು ದಿನಕ್ಕೊಂದು. 15 ಮರಿಗೆ ಎರಡು ತಿಂಗಳೆಂದರೆ ಸುಮಾರು 150 ಪಿಂಕಿ. ಜುಲೈನಲ್ಲೇ ತರಿಸಿ ಬೇರೆ ಫ್ರೀಜರಿನಲ್ಲಿಡಿ. ಕೋಳಿ ಮೊಟ್ಟೆಯೂ ಹೊಸ್ತಿಲು ದಾಟದ ಮನೆಯ ಫ್ರಿಜ್ಜಿನಲ್ಲಿ ಇದನ್ನು ಬಚ್ಚಿಟ್ಟು ಜಗಳಕ್ಕೆ ದಾರಿ ಮಾಡಬೇಡಿ. ಬಿಸಿನೀರಿನಲ್ಲಿ ಪೂರಾ ಕರಗಿಸಿ, ಒರೆಸಿ ಕೊಡಿ. ಒಂದೆರಡು ಮರಿ ತಿನ್ನುವುದೇ ಇಲ್ಲ. ಪಿಂಕಿಯನ್ನು ತೊಳೆದು, ಮರಿಯೊಂದಿಗೆ ಅಂಗೈಯಗಲದ ಡಬ್ಬಿಯಲ್ಲಿ ಹಾಕಿ ಕತ್ತಲೆಯಲ್ಲಿ ರಾತ್ರಿಯಿಡೀ ಬಿಡಿ. ಅದಕ್ಕೂ ಬಗ್ಗದಿದ್ದರೆ ಪಿಂಕಿಯ ತಲೆಗೆ ಸೂಜಿ ಚುಚ್ಚಿ ಒಂದು ಹನಿ ಮಿದುಳು ಹೊರಬರುವಂತೆ ಮಾಡಿ ಕೊಡಿ. ಬಾಯಿಗೆ ತುರುಕುವುದು ಕೊನೆಯ ದಾರಿ, ಅದೂ ಅನುಭವಿಗಳ ಕೈಯಿಂದ.

ತಾಯಿಯನ್ನು ಮರೆಯಬೇಡಿ. ಮೊಟ್ಟೆ ಇಟ್ಟ ದಿನವೇ ಬೆಚ್ಚಗಿನ ನೀರಿನಲ್ಲಿ ಮೈ ತೊಳೆದು ಪೆಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಮೊಟ್ಟೆಯ ವಾಸನೆಗೆ ಸುತ್ತಿ ಕುಳಿತು ಊಟ ಬಿಡುತ್ತದೆ. ಸಣ್ಣ ಇಲಿ, ಐದು ದಿನಕ್ಕೊಂದು, ಹಳೆಯ ತೂಕ ಬರುವವರೆಗೆ. ಗಂಡಿನ ಜೊತೆ ಬಿಡದೆಯೂ ಎರಡನೇ ಸಲ ಮೊಟ್ಟೆ ಇಡಬಹುದು, ವೀರ್ಯ ಒಳಗೇ ಉಳಿದಿರುತ್ತದೆ.

ಮರಿಗಳನ್ನು ದಿನಾ ಎಣಿಸಿ. ಪೆನ್ಸಿಲ್ ಹೋಗುವ ಸಂದಿಯಲ್ಲಿ ಮರಿಯೂ ಹೋಗುತ್ತದೆ. ಓಣಿಗೆ ಹೋದರೆ ಬೆನ್ನ ಮೇಲಿನ ಕಂದು ಮಚ್ಚೆ ನೋಡಿ ಕೊಳಕುಮಂಡಲ ಅಂತ ಯಾರಾದರೂ ಕಲ್ಲೆತ್ತುವುದು ಖಂಡಿತ. ಇದರ ತಿರುಗುಮುರುಗು ಇನ್ನೂ ಅಪಾಯ. ನಿಜವಾದ ಕೊಳಕುಮಂಡಲದ ಮರಿಗಳೂ ಮಳೆಗಾಲದಲ್ಲೇ ಓಡಾಡುವುದು, ಅವಕ್ಕೆ ಹುಟ್ಟಿನಿಂದಲೇ ವಿಷವಿರುತ್ತದೆ. ಬಚ್ಚಲ ಮೂಲೆಯಲ್ಲಿ ಮಚ್ಚೆಯ ಮರಿಯೊಂದು ಕಂಡರೆ ನಮ್ಮದೇ ತಪ್ಪಿಸಿಕೊಂಡಿದೆ ಎಂದು ಕೈ ಹಾಕಬೇಡಿ. ಮೊದಲು ಡಬ್ಬಿಗಳನ್ನು ಎಣಿಸಿ. ಲೆಕ್ಕ ಸರಿಯಿದ್ದರೆ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಬಟ್ಟೆ ಒತ್ತಿ, ಹಾವು ಹಿಡಿಯುವವರಿಗೆ ಫೋನ್ ಮಾಡಿ. ಲೆಕ್ಕ ತಪ್ಪಿದ್ದರೂ ಬರಿಗೈ ಬೇಡ: ಡಬ್ಬಿ ಕವುಚಿ, ಅಡಿಯಲ್ಲಿ ರಟ್ಟು ತೂರಿಸಿ, ಬೆಳಕಿನಲ್ಲಿ ನೋಡಿ ಗುರುತು ಹಿಡಿಯಿರಿ.