ಐಸ್ ಪ್ಲಾಂಟಿಗೆ ಪಿಎಲ್‌ಸಿ ತರುವ ಮೊದಲು

ಕುಮಟಾದಲ್ಲಿ ಕಂಟ್ರೋಲ್ ಪ್ಯಾನೆಲ್ ಕಟ್ಟುವುದು, ಅದರೊಳಗೆ ಪಿಎಲ್‌ಸಿ, ಅಂದರೆ ಸ್ವಿಚ್ಚು-ಸೆನ್ಸರುಗಳನ್ನು ಓದಿ ಪ್ರೋಗ್ರಾಮಿನಂತೆ ಮಶೀನು ನಡೆಸುವ ಪುಟ್ಟ ಕಂಪ್ಯೂಟರ್, ಕೂರಿಸುವುದು ನನ್ನ ಕೆಲಸ. ಕಾರವಾರದ ಬೈತಖೋಲದಿಂದ ಭಟ್ಕಳದವರೆಗೆ ಐಸ್ ಪ್ಲಾಂಟುಗಳು, ಘಟ್ಟ ಹತ್ತಿದರೆ ಶಿರಸಿ ಕಡೆ ಅಡಿಕೆ ಡ್ರೈಯರುಗಳು. ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು ಒಂದೇ: "ಯಾವ ಕಂಪನಿಯದ್ದು ಹಾಕೋಣ?" ಅದನ್ನು ಕೊನೆಗೆ ಕೇಳಿ. ಮೊದಲು ಒಂದು ನೋಟ್‌ಬುಕ್ ಹಿಡಿದು ಮಶೀನಿನ ಸುತ್ತ ಒಂದು ಸುತ್ತು ಬನ್ನಿ, ಪಿಎಲ್‌ಸಿಗೆ ಒಳಬರುವ ಸುದ್ದಿ (ಇನ್‌ಪುಟ್) ಎಷ್ಟು, ಅದರಿಂದ ಹೊರಹೋಗುವ ಆಜ್ಞೆ (ಔಟ್‌ಪುಟ್) ಎಷ್ಟು ಎಂದು ಎಣಿಸಿ.

ಅಮೋನಿಯಾದಿಂದ ತಂಪು ಮಾಡುವ ಸಾಧಾರಣ ಐಸ್ ಪ್ಲಾಂಟನ್ನೇ ಎಣಿಸೋಣ. ಕಂಪ್ರೆಸರ್, ಬ್ರೈನ್ (ಉಪ್ಪುನೀರು) ಟ್ಯಾಂಕನ್ನು ಕಲಕುವ ಅಜಿಟೇಟರ್, ಕಂಡೆನ್ಸರಿನ ನೀರಿನ ಪಂಪು, ಹೀಗೆ ಮೂರು ಮೋಟರ್. ಒಂದೊಂದಕ್ಕೂ ಸ್ಟಾರ್ಟ್, ಸ್ಟಾಪ್, ಓವರ್‌ಲೋಡ್ ಟ್ರಿಪ್, ಮೋಟರಿಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ ನಿಜಕ್ಕೂ ಎಳೆದಿದೆಯೇ ಎಂದು ಹೇಳುವ ಫೀಡ್‌ಬ್ಯಾಕ್. ಅಲ್ಲಿಗೆ 12. ಹೈ ಪ್ರೆಶರ್, ಲೋ ಪ್ರೆಶರ್, ಆಯಿಲ್ ಪ್ರೆಶರ್ ಕಟೌಟ್ (ಪ್ರೆಶರ್ ಮಿತಿ ತಪ್ಪಿದರೆ ಕಡಿಯುವ ಸ್ವಿಚ್) ಸೇರಿದರೆ 15. ಎಮರ್ಜೆನ್ಸಿ ಸ್ಟಾಪ್, ಆಟೋ-ಮ್ಯಾನ್ಯುಯಲ್ ಸ್ವಿಚ್, ನೀರಿನ ತೊಟ್ಟಿಯ ಫ್ಲೋಟ್ ಸೇರಿ 18 ಇನ್‌ಪುಟ್. ಔಟ್‌ಪುಟ್ ಕಡೆ ಕಂಪ್ರೆಸರಿನ ಸ್ಟಾರ್-ಡೆಲ್ಟಾಕ್ಕೆ (ಮೊದಲು ಸ್ಟಾರ್‌ನಲ್ಲಿ ಮೆತ್ತಗೆ ಎಬ್ಬಿಸಿ ಆಮೇಲೆ ಡೆಲ್ಟಾಕ್ಕೆ ಬದಲಿಸುವುದು) ಮೂರು ಕಾಂಟ್ಯಾಕ್ಟರ್, ಉಳಿದೆರಡು ಮೋಟರಿಗೆ ಒಂದೊಂದು, ಲಿಕ್ವಿಡ್ ಲೈನಿನ ಸೊಲೆನಾಯ್ಡ್ ವಾಲ್ವ್, ಹೂಟರ್, ಫಾಲ್ಟ್ ದೀಪ, ಒಟ್ಟು 8. ಇದರ ಮೇಲೆ ಶೇಕಡಾ 20 ಖಾಲಿ ಇಟ್ಟುಕೊಳ್ಳಿ. ಮುಂದಿನ ವರ್ಷ ಮಾಲೀಕರು ಇನ್ನೊಂದು ಪಂಪು ಕೂರಿಸದೆ ಬಿಡುವುದಿಲ್ಲ.

ಎಮರ್ಜೆನ್ಸಿ ಸ್ಟಾಪನ್ನು ಎಣಿಕೆಗೆ ಸೇರಿಸಿದ್ದು ಪಿಎಲ್‌ಸಿಗೆ ಸುದ್ದಿ ಮುಟ್ಟಲಿ ಎಂದು ಮಾತ್ರ. ಅದೂ ಹೈ ಪ್ರೆಶರ್ ಕಟೌಟೂ ಕಾಂಟ್ಯಾಕ್ಟರನ್ನು ಎಳೆದು ಹಿಡಿಯುವ ಕಾಯಿಲಿನ ಲೈನನ್ನು ನೇರವಾಗಿ ವೈರಿನಲ್ಲೇ ಕಡಿಯಬೇಕು. ಅಮೋನಿಯಾ ಇರುವ ಕೋಣೆಯಲ್ಲಿ ಜನರ ಜೀವವನ್ನು ಪ್ರೋಗ್ರಾಮಿನ ಮೇಲೆ ಬಿಡಬಾರದು.

ಅನಲಾಗ್‌ನಲ್ಲಿ, ಅಂದರೆ ಬರೀ ಆನ್-ಆಫ್ ಅಲ್ಲದೆ ಏರಿಳಿಯುವ ಅಳತೆಗಳಲ್ಲಿ, ಎಡವುವವರೇ ಹೆಚ್ಚು. ಬ್ರೈನಿನ ಉಷ್ಣಾಂಶಕ್ಕೆ ಪಿಟಿ100 (ಬಿಸಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್), ಪ್ರೆಶರಿಗೆ 4-20 ಮಿಲಿಆಂಪ್ ಟ್ರಾನ್ಸ್‌ಮಿಟರ್ (ಅಳತೆಯನ್ನು ಕರೆಂಟಾಗಿ ಕಳಿಸುವುದು) ಎಂದಿಟ್ಟುಕೊಳ್ಳಿ. ಸೀಮೆನ್ಸ್ ಕಂಪನಿಯ 1214ಸಿ ಎಂಬ ಪಿಎಲ್‌ಸಿಯಲ್ಲಿ 14 ಇನ್‌ಪುಟ್, 10 ಔಟ್‌ಪುಟ್, 2 ಅನಲಾಗ್ ಇವೆ. ಎಂಟರ ಒಂದು ಮಾಡ್ಯೂಲ್ ಸೇರಿಸಿದರೆ ಇನ್‌ಪುಟ್ 22, ನಮ್ಮ ಲೆಕ್ಕ ಸರಿಹೋಯಿತು ಅನಿಸುತ್ತದೆ. ಆದರೆ ಆ ಎರಡು ಅನಲಾಗ್ ತೆಗೆದುಕೊಳ್ಳುವುದು 0-10 ವೋಲ್ಟ್ ಮಾತ್ರ. ಪಿಟಿ100 ಆಗಲಿ 4-20 ಆಗಲಿ ಅದಕ್ಕೆ ನೇರ ಜೋಡಿಸಲು ಆಗದು, ಬೇರೆ ಮಾಡ್ಯೂಲ್ ಬೇಕು, ಇಲ್ಲವೇ 0-10 ವೋಲ್ಟ್ ಕೊಡುವ ಟ್ರಾನ್ಸ್‌ಮಿಟರ್. ಡೇಟಾಶೀಟಿನಲ್ಲಿ "ಅನಲಾಗ್ 2" ಎಂಬ ಸಾಲು ಕಂಡರೆ ಯಾವ ಬಗೆಯ ಅನಲಾಗ್ ಎಂದು ಕೆಳಗಿನವರೆಗೆ ಓದಿ. ದೂರದ ಸೆನ್ಸರಿಗೆ ನಾನು 4-20 ಬಿಟ್ಟು ಬೇರೆ ಹಾಕುವುದಿಲ್ಲ. ಅಳತೆ ಎಷ್ಟೇ ಕಡಿಮೆಯಾದರೂ ಅದರಲ್ಲಿ 4 ಇರುತ್ತದೆ; ವೈರು ತುಂಡಾದರೆ ಸೊನ್ನೆಗೆ ಬೀಳುತ್ತದೆ, ಕೂಡಲೇ ಗೊತ್ತಾಗುತ್ತದೆ.

ಔಟ್‌ಪುಟ್ ರಿಲೇಯೋ (ಕಾಂಟ್ಯಾಕ್ಟ್ ತಾಗಿ ಬಿಡುವ ಪುಟ್ಟ ಸ್ವಿಚ್) ಟ್ರಾನ್ಸಿಸ್ಟರೋ (ಅಲುಗುವ ಭಾಗವಿಲ್ಲದ ಇಲೆಕ್ಟ್ರಾನಿಕ್ ಸ್ವಿಚ್) ಎಂಬುದನ್ನು ನಾನು ಕಲಿತದ್ದು ತದಡಿ ಕಡೆಯ ಒಂದು ಪ್ಲಾಂಟಿನಲ್ಲಿ. ರಿಲೇ ಔಟ್‌ಪುಟ್ ತಾನೇ ಎಂದು ಕಾಂಟ್ಯಾಕ್ಟರ್ ಕಾಯಿಲನ್ನು ನೇರ ಜೋಡಿಸಿದ್ದೆ. ಒಂದು ರಾತ್ರಿ ಎರಡು ಗಂಟೆಗೆ ಫೋನು: "ಅಣ್ಣಾ, ಸ್ಟಾಪ್ ಒತ್ತಿದ್ರೂ ಅಜಿಟೇಟರ್ ನಿಲ್ತಾ ಇಲ್ಲ." ಹೋಗಿ ಮೇನ್ ತೆಗೆದೆ. ಬೆಳಿಗ್ಗೆ ಕಾರ್ಡ್ ಬಿಚ್ಚಿ ರಿಲೇಯ ಮುಚ್ಚಳ ಎಬ್ಬಿಸಿ ನೋಡಿದರೆ ಒಳಗೆಲ್ಲ ಮಸಿ, ಸಾಸಿವೆ ಕಾಳಿನಷ್ಟು ಚಿಕ್ಕ ಎರಡು ಕಾಂಟ್ಯಾಕ್ಟ್ ಕರಗಿ ಒಂದಕ್ಕೊಂದು ಅಂಟಿ ಕೂತಿದ್ದವು. ಐದು ಬೆರಳಿಗೆ ಸಿಗುವ ಸಾಕೆಟ್ ರಿಲೇ ನಡುವೆ ಇದ್ದಿದ್ದರೆ ಎಳೆದು ಹೊಸದು ಚುಚ್ಚಿದರೆ ಮುಗಿಯುತ್ತಿತ್ತು. ಅಂದಿನಿಂದ ಒಂದೊಂದು ಔಟ್‌ಪುಟ್ಟಿಗೂ ಸಾಕೆಟ್ ರಿಲೇ, ಕಾಯಿಲಿಗೆ ಕಿಡಿ ತಗ್ಗಿಸುವ ಸ್ನಬರ್.

ಡ್ರೈಯರಿನ ಲೆಕ್ಕ ಬೇರೆ. ಪೂರ್ಣ ಲೋಡಿನಲ್ಲಿ ಇಂಥ ರಿಲೇಯ ಆಯುಷ್ಯ 1 ಲಕ್ಷ ಸಲ ಎಂದು ಬರೆದಿರುತ್ತಾರೆ. ಹೀಟರನ್ನು 10 ಸೆಕೆಂಡಿಗೊಮ್ಮೆ ಆನ್-ಆಫ್ ಮಾಡಿದರೆ ದಿನಕ್ಕೆ 8,640 ಸಲ. ಎರಡು ವಾರವೂ ಬಾರದು. ಅಲ್ಲಿ ಟ್ರಾನ್ಸಿಸ್ಟರ್ ಔಟ್‌ಪುಟ್, ಅದರ ಮುಂದೆ ಎಸ್‌ಎಸ್‌ಆರ್, ಅಂದರೆ ಸವೆಯುವ ಕಾಂಟ್ಯಾಕ್ಟ್ ಇಲ್ಲದ ಇಲೆಕ್ಟ್ರಾನಿಕ್ ರಿಲೇ.

ನಮ್ಮ ಕಡೆ ವೋಲ್ಟೇಜ್ ಕುಸಿಯುವುದು ಗೊತ್ತೇ ಇದೆ. ಪಿಎಲ್‌ಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್, ಒಳ್ಳೆಯದಾದರೆ ಕಡಿಮೆ ವೋಲ್ಟೇಜಿನಲ್ಲೂ 24 ವೋಲ್ಟ್ ಕೊಡುತ್ತಿರುತ್ತದೆ, ಕಾಂಟ್ಯಾಕ್ಟರ್ ಮಾತ್ರ ಕಳಚುತ್ತದೆ. ಆಗ ಪಿಎಲ್‌ಸಿ ಮೋಟರ್ ಓಡುತ್ತಿದೆ ಎಂದೇ ನಂಬಿರುತ್ತದೆ. ವೋಲ್ಟೇಜ್ ಬಂದದ್ದೇ ಎಲ್ಲವೂ ಒಟ್ಟಿಗೆ ಎಳೆಯುತ್ತವೆ, ಕಂಪ್ರೆಸರ್ ಸ್ಟಾರ್ ದಾಟದೆ ನೇರ ಡೆಲ್ಟಾದಲ್ಲಿ. ಮೇಲೆ ಫೀಡ್‌ಬ್ಯಾಕ್ ಎಣಿಸಿದ್ದು ಇದಕ್ಕೇ. ಇನ್‌ಪುಟ್ ಉಳಿಸಲು ಅದನ್ನು ಕೈಬಿಡಬೇಡಿ.

ಇನ್ನು ಸಮುದ್ರದ ಗಾಳಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್, ಎಷ್ಟೋ ಪ್ಲಾಂಟುಗಳೂ ಬಂದ್. ಮಾಲೀಕರು ಮೇನ್ ಇಳಿಸಿ ಮನೆಗೆ ಹೋಗುತ್ತಾರೆ. ಹೊರಗೆ ಸುರಿಯುವ ಮಳೆ, ಒಳಗೆ ತಣ್ಣಗಾದ ಪ್ಯಾನೆಲ್. ಆಗಸ್ಟಿನಲ್ಲಿ ಬಾಗಿಲು ತೆಗೆದರೆ ಟರ್ಮಿನಲ್ ಸ್ಕ್ರೂಗಳ ಸುತ್ತ ಹಸಿರು ಪುಡಿ, ಉಗುರಿನಿಂದ ಕೆರೆದರೆ ಉದುರುತ್ತದೆ. ಪಿಎಲ್‌ಸಿಯ ಕಾಗದದಲ್ಲಿ ತೇವ ಶೇಕಡಾ 95ರವರೆಗೆ ನಡೆಯುತ್ತದೆ ಎಂದಿದ್ದರೂ ಪಕ್ಕದಲ್ಲಿ "ಹನಿಗಟ್ಟಬಾರದು" ಎಂಬ ಷರತ್ತು ಇರುತ್ತದೆ. ನಮ್ಮಲ್ಲಿ ಹನಿಗಟ್ಟುತ್ತದೆ. ತೇವ ತಾಗದಂತೆ ಕಾರ್ಡಿಗೆ ಕೋಟಿಂಗ್ ಇರುವ ಮಾದರಿ ಸಿಕ್ಕರೆ ಹೆಚ್ಚು ಹಣ ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ, ದೂಳು-ನೀರು ಒಳಹೋಗದ ಐಪಿ65 ಪೆಟ್ಟಿಗೆ ಹಾಕಿ, ಒಳಗಿನ ಸಣ್ಣ ಹೀಟರಿಗೆ ಬೇರೆ ಲೈನ್ ಕೊಟ್ಟು ಆ ಎರಡು ತಿಂಗಳೂ ಉರಿಯಲು ಬಿಡಿ. ಗಡಿಯಾರದ ಮೇಲೆ ನಡೆಯುವ ಕೆಲಸವಿದ್ದರೆ ಇನ್ನೊಂದು ಮಾತು. 1214ಸಿಯ ಗಡಿಯಾರ ಕರೆಂಟಿಲ್ಲದೆ ಸಾಮಾನ್ಯವಾಗಿ 20 ದಿನ ನಡೆಯುತ್ತದೆ, 61 ದಿನ ನಡೆಯುವುದಿಲ್ಲ.

ಇಷ್ಟಾದ ಮೇಲೆ ಕಂಪನಿ. ಸೀಮೆನ್ಸ್, ಡೆಲ್ಟಾ, ಮಿತ್ಸುಬಿಷಿ ಯಾವುದಾದರೂ ಈ ಕೆಲಸ ಮಾಡುತ್ತದೆ. ಡೆಲ್ಟಾದ ಸಾಫ್ಟ್‌ವೇರ್ ಪುಕ್ಕಟೆ, ಸೀಮೆನ್ಸಿನದ್ದಕ್ಕೆ ಲೈಸೆನ್ಸ್ ಕೊಳ್ಳಬೇಕು. ನಾನು ನೋಡುವುದು ಹುಬ್ಬಳ್ಳಿಯ ಅಂಗಡಿಯಲ್ಲಿ ಅದೇ ಮಾದರಿ ಸ್ಟಾಕ್ ಇದೆಯೇ ಎಂದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ಮುಚ್ಚಿತು. ಮಳೆಗಾಲದಲ್ಲಿ ನಮ್ಮ ರಸ್ತೆಗಳನ್ನು ನೆಚ್ಚಿ ಕೂರಲಾಗದು. ಒಂದು ಸಿಪಿಯು (ಪಿಎಲ್‌ಸಿಯ ಮುಖ್ಯ ಭಾಗ), ಒಂದು ಎಸ್‌ಎಂಪಿಎಸ್ ಪ್ಲಾಂಟಿನ ಕಪಾಟಿನಲ್ಲೇ ಇರಲಿ.

ಪ್ರೋಗ್ರಾಮನ್ನು ವೈರಿಂಗ್ ಚಿತ್ರದಂತೆ ಕಾಣುವ ಲ್ಯಾಡರ್ ಭಾಷೆಯಲ್ಲೇ ಬರೆಸಿ, ಊರಿನ ಎಲೆಕ್ಟ್ರಿಶಿಯನ್ನಿಗೂ ಓದಲು ಬರುತ್ತದೆ. ಕೊನೆಯ ಕಂತು ಕೊಡುವ ಮೊದಲು ಕಾಮೆಂಟ್ ಸಮೇತ ಮೂಲ ಫೈಲು, ಪಾಸ್‌ವರ್ಡ್ ಎರಡನ್ನೂ ಪೆನ್‌ಡ್ರೈವಿನಲ್ಲಿ ಕೈಗೆ ತೆಗೆದುಕೊಳ್ಳಿ. ಎದುರಿಗೇ ಲ್ಯಾಪ್‌ಟಾಪಿಗೆ ಚುಚ್ಚಿಸಿ, ತೆರೆಯುತ್ತದೆಯೇ ಎಂದು ನೋಡಿ, ಆಮೇಲೆ ಚೆಕ್ ಬರೆಯಿರಿ.