ದುಡ್ಡು ಕೊಟ್ಟು ತಂದ ಹಾಡಿಗೆ ಬೀಗ

ಅಮ್ಮನಿಗೆ ದಾಸರ ಪದಗಳೆಂದರೆ ಪ್ರಾಣ. 2006ರ ಮಾತು. ಬೇಕಾದ ಸಿ.ಡಿ. ಕಾಸರಗೋಡಿನಲ್ಲಿ ಸಿಗಲಿಲ್ಲ. ಬದಿಯಡ್ಕದಿಂದ ಬಸ್ಸು ಹತ್ತಿ ಮಂಗಳೂರಿಗೇ ಹೋಗಿ ತಂದೆ. ಮನೆಯ ಪ್ಲೇಯರ್‌ಗೆ ಹಾಕಿದರೆ ಮೊದಲು ಬಂದದ್ದು ಹಾಡಲ್ಲ, ಗಡಸು ದನಿಯ ಎಚ್ಚರಿಕೆ. ನಕಲು ಮಾಡಿದರೆ ಜೈಲು, ದಂಡ. ಅಮ್ಮ ಆಗಷ್ಟೇ ದೀಪ ಹಚ್ಚಿ ಕೂತಿದ್ದರು. "ಎಂಥ ಮಗಾ, ನಾವೆಂಥ ಮಾಡಿದ್ದು?" ಎಂದರು. ನನಗೆ ತುಂಬಾ ಬೇಸರವಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಕಾರಿನ ಪ್ಲೇಯರ್ ಅದನ್ನು ನುಂಗಿ, ಸ್ವಲ್ಪ ಹೊತ್ತು ತಿರುಗಿಸಿ, ವಾಪಸ್ ಉಗುಳಿತು. ಕಂಪ್ಯೂಟರಿಗೆ ಹಾಕಿದರೆ ಯಾವುದೋ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಲಾ ಎಂದು ಕೇಳಿತು. ನಾನು ಒಪ್ಪಲಿಲ್ಲ. 2005ರಲ್ಲಿ ಸೋನಿ ಬಿಎಂಜಿ ಎಂಬ ಸಂಗೀತ ಕಂಪೆನಿಯ ಕೆಲವು ಸಿ.ಡಿ.ಗಳು ವಿಂಡೋಸ್ ಒಳಗೆ ಗುಟ್ಟಾಗಿ ರೂಟ್‌ಕಿಟ್, ಅಂದರೆ ಕಣ್ಣಿಗೆ ಬೀಳದೆ ಅಡಗಿ ಕೂರುವ ಸಾಫ್ಟ್‌ವೇರ್, ಕೂರಿಸಿದ್ದು ಬಯಲಾಗಿತ್ತು. ಆ ದಿನದಿಂದ ಶಿಫ್ಟ್ ಕೀ ಒತ್ತಿ ಹಿಡಿದೇ ಸಿ.ಡಿ. ಹಾಕುತ್ತಿದ್ದೆ. ಹಾಗೆ ಹಿಡಿದರೆ ಆಟೋರನ್, ಅಂದರೆ ಸಿ.ಡಿ.ಯಲ್ಲಿದ್ದದ್ದು ತಾನಾಗಿಯೇ ಶುರುವಾಗುವುದು, ಏಳುತ್ತಿರಲಿಲ್ಲ.

ನಕಲು ತಡೆಯುವ ಇಂಥ ಬೀಗ ಕೆಲಸ ಮಾಡುತ್ತಿದ್ದದ್ದು ಹೀಗೆ. ಸಾದಾ ಪ್ಲೇಯರ್ ಸಿ.ಡಿ.ಯ ಮೊದಲ ಭಾಗದಲ್ಲಿರುವ ಹಾಡನ್ನಷ್ಟೇ ಓದುತ್ತದೆ. ಕಂಪ್ಯೂಟರಿನ ಡ್ರೈವ್ ಕೊನೆಯ ಭಾಗದಲ್ಲಿರುವ ಫೈಲುಗಳನ್ನೂ ನೋಡುತ್ತದೆ. ಅಲ್ಲೇ ಅದರ ದಾರಿ ತಪ್ಪಿಸುತ್ತಿದ್ದರು. ಕಾರಿನ ಎಷ್ಟೋ ಪ್ಲೇಯರ್‌ಗಳ ಒಳಗೂ ಕಂಪ್ಯೂಟರ್ ಡ್ರೈವಿನಂಥದ್ದೇ ಇದ್ದುದರಿಂದ ಅವೂ ಎಡವುತ್ತಿದ್ದವು.

ಮನೆಯ ಪ್ಲೇಯರ್‌ನಲ್ಲಿ ಹಾಡು ಕೇಳುತ್ತದಲ್ವಾ? ಹಾಗಾದರೆ ಅಲ್ಲಿಂದಲೇ ಹಿಡಿಯೋಣ ಎಂದುಕೊಂಡೆ. ಪ್ಲೇಯರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಹಿಂದಿನ ನೀಲಿ ಲೈನ್-ಇನ್ ತೂತಿಗೆ ಒಂದು ವಯರ್. ರೆಕಾರ್ಡ್ ಮಾಡಲು ಆಡಾಸಿಟಿ ಎಂಬ ಸಾಫ್ಟ್‌ವೇರ್. 44,100 ಹರ್ಟ್ಸ್, 16 ಬಿಟ್, ಅಂದರೆ ಆಡಿಯೋ ಸಿ.ಡಿ.ಯದ್ದೇ ಗುಣಮಟ್ಟ.

ಮೊದಲ ಸಲ ವಾಲ್ಯೂಮ್ ಜಾಸ್ತಿ ಇಟ್ಟೆ. ಪರದೆಯ ಮೇಲೆ ಅಲೆಗಳ ತಲೆಯೆಲ್ಲ ಕತ್ತಿಯಲ್ಲಿ ಸವರಿದ ಹಾಗೆ ಚಪ್ಪಟೆ. ತಾಳದ ಪೆಟ್ಟು ಬಿದ್ದಲ್ಲೆಲ್ಲ ಸದ್ದು ಒಡೆದಿತ್ತು. ಇಳಿಸುತ್ತಾ ಬಂದು, ಅತಿ ಜೋರು ಜಾಗವೂ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ನಿಲ್ಲಿಸಿದೆ (ಸೊನ್ನೆ ದಾಟಿದರೆ ಸದ್ದು ಒಡೆಯುತ್ತದೆ). ಆಗ ಗುಂಯ್ ಎನ್ನುವ ಸದ್ದೊಂದು ಕೇಳತೊಡಗಿತು. ಪ್ಲೇಯರನ್ನೂ ಕಂಪ್ಯೂಟರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದೆ, ಹೋಯಿತು. ಐದನೇ ಹಾಡಿಗೆ ಕರೆಂಟೇ ಹೋಯಿತು! ಆಟಿ ತಿಂಗಳು, ಹೊರಗೆ ಜಡಿಮಳೆ. ಮತ್ತೆ ಮೊದಲಿಂದ. ಒಂದು ಗಂಟೆಯ ಸಿ.ಡಿ.ಗೆ ಒಂದು ಗಂಟೆ ಕೂರಲೇಬೇಕು, ಇದರಲ್ಲಿ ಅಡ್ಡದಾರಿ ಇಲ್ಲ.

ಹಾಡು ಹಾಡಿನ ನಡುವೆ ಲೇಬಲ್ ಹಾಕಿ ಬೇರೆ ಬೇರೆ ಮಾಡಿದೆ. ಆ ಎಚ್ಚರಿಕೆಯನ್ನು ಕತ್ತರಿಸಿ ಬಿಸಾಡಿದೆ. ಕುಗ್ಗಿಸದ ವೇವ್ ಫೈಲು ನಿಮಿಷಕ್ಕೆ ಸುಮಾರು 10 ಎಂ.ಬಿ. ಆಗುತ್ತದೆ, ಆದರೂ ಎಂಪಿ3 ಮಾಡದೆ ಹಾಗೇ ಖಾಲಿ ಸಿ.ಡಿ.ಗೆ ಆಡಿಯೋ ಸಿ.ಡಿ.ಯಾಗಿ ಬರೆದೆ.

ಹಾಡಿದವರಿಗೆ ದುಡ್ಡು ಸಿಗಬೇಕು ಎನ್ನುವವನೇ ನಾನು. ಹತ್ತಿರದವರೊಬ್ಬರು ಒಂದು ಕಾಪಿ ಕೇಳಿದಾಗ ಕೊಡಲಿಲ್ಲ, ಮಂಗಳೂರಿನ ಅಂಗಡಿ ಎಲ್ಲಿ ಎಂದು ಹೇಳಿಕೊಟ್ಟೆ. ಆದರೆ ಬಸ್ ಸ್ಟ್ಯಾಂಡ್ ಬದಿಯಲ್ಲಿ ಮಾರುತ್ತಿದ್ದ ಕಳ್ಳ ಸಿ.ಡಿ. ಎಲ್ಲಿ ಹಾಕಿದರೂ ಹಾಡುತ್ತಿತ್ತು, ಅದರಲ್ಲಿ ಗದರಿಕೆಯೂ ಇರಲಿಲ್ಲ. ಗದರಿಕೆ ಕೇಳಬೇಕಾದದ್ದು ಪೂರಾ ದುಡ್ಡು ಕೊಟ್ಟ ಅಮ್ಮ. ಇದು ಯಾವ ನ್ಯಾಯ? ಸ್ವಂತ ಬಳಕೆಗೆ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಧ್ವನಿಮುದ್ರಣದಲ್ಲೂ ಜಾಗ ಬಿಟ್ಟದ್ದು ಆಮೇಲೆ, 2012ರ ತಿದ್ದುಪಡಿಯಲ್ಲಿ.

ಮುಂದಿನ ಭಾನುವಾರ ಮಧೂರು ದೇವಸ್ಥಾನಕ್ಕೆ ಹೊರಟೆವು. ಕಾರಿಗೆ ಹೊಸ ಸಿ.ಡಿ. ಹಾಕಿದೆ. ನೇರ ತಂಬೂರಿ ಶುರುವಾಯಿತು. ಅಮ್ಮ ಕಿಟಕಿಯ ಗಾಜು ಏರಿಸಿ, ತೊಡೆಯ ಮೇಲೆ ತಾಳ ಹಾಕತೊಡಗಿದರು.